ಡೇರೆ ಎಬ್ಬಿಸುವ ಕೋಣೆ

ಹೋದ ವಾರ ನಮ್ಮ ಹಿತ್ತಿಲ ಬಾಗಿಲು ಉಬ್ಬಿಕೊಂಡು ಮುಚ್ಚಲಿಕ್ಕೇ ಬಾರದಂತಾಯಿತು. ಬಡಗಿಯೊಬ್ಬ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಆಟ ಆಡಿಸಿ ಕೊನೆಗೊಂದು ಬೆಳಿಗ್ಗೆ ಬಂದ. ಬಾಗಿಲನ್ನು ಕಳಚಿ ಜಗಲಿಯ ಮೇಲೆ ಮಲಗಿಸಿ ಕೆಳಗಿನ ಅಂಚನ್ನು ಗರಗಸದಲ್ಲಿ ಕೊಯ್ದ. ಕೆಲಸ ಮುಗಿದ ಮೇಲೆ, ಗಾಳಿಗೆ ಹಾರಬಾರದೆಂದು ಮರದ ಹೊಟ್ಟಿನ ಮೇಲೆ ಒಂದು ಚೊಂಬು ನೀರು ಚಿಮುಕಿಸಿ ಗುಡಿಸಲು ಶುರುಮಾಡಿದ. ಆ ಒದ್ದೆ ಹೊಟ್ಟಿನ ವಾಸನೆ ಬಂದದ್ದೇ ತಡ, ನಾನು ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಯಾಕಮ್ಮ, ಧೂಳು ಆಗಲ್ವಾ ನಿಮ್ಗೆ?" ಎಂದು ಅವನು ಕೇಳಿದ. ಆಗುತ್ತೆ ಕಣಪ್ಪ, ಚೆನ್ನಾಗಿಯೇ ಆಗುತ್ತೆ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಹೋಗಿದ್ದರೆ ಅವನ ಅರ್ಧ ದಿನ ಹಾಳಾಗುತ್ತಿತ್ತು. ಅವನು ಹೊರಟುಹೋದ ಮೇಲೂ ನಾನು ಅಲ್ಲೇ ಇದ್ದೆ. ಗುಂಡ್ಲುಪೇಟೆಯ ಆ ಕೋಣೆ, ಮಂಚದ ಕೆಳಗಿನ ಮರದ ತಟ್ಟೆ, ಆ ತಟ್ಟೆಯ ಮುಂದೆ ಮಂಡಿಯೂರಿ ಕುಳಿತ ಬೂಬಮ್ಮ…

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ. ನನ್ನ ಮದುವೆ ಆಗಿ ಇನ್ನೂ ಅರಿಶಿನ ಒಣಗಿರಲಿಲ್ಲ. ಇವರು ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು. ಕ್ವಾರ್ಟರ್ಸು ಸಿಗುವವರೆಗೆ ಇರಲಿ ಎಂದು ಗುಂಡ್ಲುಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಮನೆ ಎಂದರೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಮುಂದುಗಡೆ ಓನರ್ ಮನೆ, ಅದರ ಪಕ್ಕದಲ್ಲೇ ಅವರ ಮರಗೆಲಸದ ಅಂಗಡಿ. ಊಟಿಗೂ ಕೇರಳಕ್ಕೂ ಹೋಗುವ ಲಾರಿಗಳ ಸದ್ದು ಹಗಲೂ ರಾತ್ರಿ ಕೇಳುತ್ತಿತ್ತು. ಕಾಡಿನ ಗೇಟನ್ನು ಆಗಿನ್ನೂ ರಾತ್ರಿ ಹೊತ್ತು ಮುಚ್ಚುತ್ತಿರಲಿಲ್ಲ.

ನಾವು ಬಂದು ಪಾತ್ರೆ ಜೋಡಿಸುವ ಹೊತ್ತಿಗೆ ಶಿವರಾತ್ರಿ ಬಂತು, ಅದರ ಹಿಂದೆಯೇ ಕಾಡಿಗೆ ಬೆಂಕಿಯ ಕಾಲ ಬಂತು. ಹುಲ್ಲು ಒಣಗಿ ನಿಂತ ಮೇಲೆ ಮಳೆ ಬೀಳುವವರೆಗೆ ಗಾರ್ಡುಗಳಿಗೆ ರಜೆ ಎಂಬುದೇ ಇಲ್ಲ. ಇವರು ಯಾವಾಗಲೋ ಒಮ್ಮೆ ಮೈಯೆಲ್ಲ ಹೊಗೆ ಮಾಡಿಕೊಂಡು ಬಂದು, ಉಂಡು, ಮಲಗಿ, ಎದ್ದು ಮತ್ತೆ ಕ್ಯಾಂಪಿಗೆ ಹೊರಡುತ್ತಿದ್ದರು. ಒಬ್ಬಳೇ ಇರಲು ಭಯವಾಗುತ್ತದೆ, ಎರಡು ದಿನ ಇದ್ದು ಹೋಗಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಳ್ಳಬೇಕು ಎಂದು ಕಾದೆ. ಪಾಪ, ಆನೆ ಹೆಜ್ಜೆ ನೋಡಿ ಯಾವ ಕಡೆ ಹೋಗಿದೆ ಎಂದು ಹೇಳಬಲ್ಲ ಮನುಷ್ಯನಿಗೆ ಹೆಂಡತಿಯ ಮುಖ ಓದುವುದು ಬರುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನ ಜೊತೆ ಮಾತಾಡಿದ ಒಂದೇ ಜೀವ ಬೂಬಮ್ಮ. ಓನರ್‌ಗೆ ಅಕ್ಕನಾಗಬೇಕು. ನಮ್ಮ ಕಡೆ ಮುಸಲ್ಮಾನರ ಮನೆಯ ಹಿರಿಯ ಹೆಂಗಸರನ್ನು ಬೂಬಮ್ಮ ಎನ್ನುವುದು ರೂಢಿ. ನಾನೂ ಹಾಗೇ ಕರೆದೆ, ಕೊನೆಯವರೆಗೂ ಹಾಗೇ ಕರೆದೆ. ತಮ್ಮನನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು. ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡುತ್ತಿದ್ದರು, ಒಳ್ಳೆಯ ಕೆಲಸಗಾರ. ಅಕ್ಕನಿಗೆ ಊಟ ಬಟ್ಟೆಗೆ ಎಂದೂ ಕೊರತೆ ಮಾಡಿದವರಲ್ಲ. ಮನೆಯಲ್ಲಿ ಅವರು ಉರ್ದು ಆಡಿಕೊಳ್ಳುತ್ತಿದ್ದರು, ಅಂಗಳಕ್ಕೆ ಕಾಲಿಟ್ಟರೆ ನಮ್ಮದೇ ಕನ್ನಡ.

ಬೂಬಮ್ಮನನ್ನು ಕೂನೂರಿಗೆ ಕೊಟ್ಟಿದ್ದರಂತೆ. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಇವರನ್ನು ಬಿಟ್ಟ. ತವರಿಗೆ ವಾಪಸು ಬಂದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ನಾನು ನೋಡುವ ಹೊತ್ತಿಗೆ ಐವತ್ತರ ಹತ್ತಿರ. ಅಷ್ಟು ವರ್ಷ ಅಂಗಡಿಯ ಗೋಡೆಗೆ ಅಂಟಿದ ಒಂದು ಸಣ್ಣ ಕೋಣೆಯಲ್ಲಿ ಇದ್ದರು. ಮನೆ ತುಂಬ ಜನ, ಆದರೂ ಆ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಜಗಳ ಮಾಡಿಕೊಂಡು ಬರದೆ ಇದ್ದದ್ದಲ್ಲ, ಬರಬೇಕು ಎಂದು ಯಾರಿಗೂ ಅನಿಸುತ್ತಿರಲಿಲ್ಲ, ಅಷ್ಟೆ.

ನನಗೂ ಅವರಿಗೂ ಗಂಟು ಬಿದ್ದದ್ದು ಒಂದು ಬಲ್ಬಿನಿಂದ. ದರ್ಜಿಯವರಿಂದ ಸೀರೆ ತರಿಸಿಕೊಂಡು ಫಾಲ್ ಹೊಲಿದು ಕೊಡುತ್ತಿದ್ದರು. ಒಂದು ಸಂಜೆ ನೋಡಿದರೆ ಹೊಸ್ತಿಲ ಮೇಲೆ, ಮುಳುಗುವ ಬೆಳಕಿಗೆ ಸೀರೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತಿದ್ದರು. ಒಳಗೆ ಯಾಕೆ ಲೈಟ್ ಹಾಕಿಕೊಂಡಿಲ್ಲ ಎಂದರೆ ಬಲ್ಬು ಹೋಗಿ ಎಷ್ಟೋ ದಿನವಾಗಿದೆ!

"ಮೇಸ್ತ್ರಿಗೆ ಹೇಳಬಾರದಾ?" ಎಂದೆ.

"ಅವ್ನಿಗೆ ಎಷ್ಟ್ ತಲೆನೋವು ಐತೋ. ಬೆಳಕಿರೋವಾಗ್ಲೇ ಮಾಡ್ಕಂಡ್ರೆ ಆಯ್ತು ಬುಡಮ್ಮಿ."

ನಾನು ಅಂಗಡಿಗೆ ಹೋಗಿ ಬಲ್ಬು ತಂದು ಹಾಕಿದೆ. ಸ್ವಿಚ್ ಒತ್ತಿದಾಗಲೇ ನನಗೆ ಆ ಕೋಣೆಯ ಒಳಗು ಕಂಡದ್ದು. ಗೋಡೆಗೊಂದು ಮಂಚ, ಒಂದು ಟ್ರಂಕು, ಹಿತ್ತಿಲ ಕಡೆಗೆ ಒಂದು ಕಿಟಕಿ. ಮಂಚದ ಕೆಳಗೆ ಒಂದು ಅಗಲವಾದ ಮರದ ತಟ್ಟೆ, ಅದರ ತುಂಬ ಒದ್ದೆ ಹೊಟ್ಟು. ಹೊಟ್ಟಿನಲ್ಲಿ ಅರ್ಧ ಹೂತುಕೊಂಡು ಸಣ್ಣ ಗೆಣಸಿನ ಗೊಂಚಲುಗಳ ಹಾಗೆ ಏನೋ ಇತ್ತು. ಇಲಿ ಪಾಷಾಣ ಏನಾದರೂ ಇಟ್ಟಿದ್ದಾರೋ ಎಂದುಕೊಂಡೆ.

"ಡೇಲಿಯಾ ಅಮ್ಮಿ. ನಿದ್ದೆ ಎಬ್ಬಿಸ್ತಾ ಇವ್ನಿ," ಎಂದರು ಬೂಬಮ್ಮ. ಅದನ್ನು ಹೇಳುವಾಗ ಅವರ ದನಿ ತಗ್ಗಿತು. ಪಕ್ಕದಲ್ಲಿ ನಿಜವಾಗಿ ಯಾರೋ ಮಲಗಿದ್ದಾರೆ ಎನ್ನಬೇಕು, ಹಾಗೆ.

ನಮ್ಮೂರಲ್ಲಿ ಡೇರೆ ಹೂ ಎನ್ನುವುದನ್ನು ನಾನು ಶಾಲೆಯ ಹೆಡ್‌ಮಾಸ್ಟರ ಮನೆ ಮುಂದೆ ನೋಡಿದ್ದೆ, ಅಷ್ಟೆ. ಅದಕ್ಕೆ ಗೆಡ್ಡೆ ಇದೆ, ಅದು ಬೇಸಗೆಯೆಲ್ಲ ಮಲಗುತ್ತದೆ, ಮಳೆ ಬರುವ ಮುಂಚೆಯೇ ಮನೆಯೊಳಗೆ ಇಟ್ಟು ಚಿಗುರಿಸಬೇಕು ಎಂಬುದು ಗೊತ್ತಿರಲಿಲ್ಲ. ದೀಪಾವಳಿ ಕಳೆದು ದಂಟು ಒಣಗಿದ ಮೇಲೆ ಗೆಡ್ಡೆ ಕಿತ್ತು, ಬೂದಿ ಸವರಿ, ಡಾಲ್ಡಾ ಡಬ್ಬದಲ್ಲಿ ಮರಳು ಹಾಕಿ ಮುಚ್ಚಿಡುತ್ತಿದ್ದರು. ಶಿವರಾತ್ರಿಗೆ ಹೊರಗೆ ತೆಗೆದು ಒಂದೊಂದನ್ನೂ ಒತ್ತಿ ನೋಡುತ್ತಿದ್ದರು. ಕೊಳೆತದ್ದನ್ನು ಕೊಯ್ದು ಎಸೆದು, ಉಳಿದದ್ದನ್ನು ದಂಟು ಕೂಡುವ ಕುತ್ತಿಗೆ ಮೇಲೆ ಕಾಣುವಂತೆ ಹೊಟ್ಟಿನಲ್ಲಿ ಕೂರಿಸುವುದು. ಹೊರಗಿಟ್ಟರೆ ಕೋಳಿ ಕೆದಕುತ್ತದೆ, ಬಿಸಿಲು ಬೇಯಿಸುತ್ತದೆ. ಹೊಟ್ಟಿಗೇನು, ತಮ್ಮನ ಅಂಗಡಿಯಲ್ಲಿ ಬೇಕಾದಷ್ಟು. ನೀರನ್ನು ಸುರಿಯಬಾರದು, ಬೆರಳಲ್ಲಿ ಅದ್ದಿ ಚಿಮುಕಿಸಬೇಕು.

ನಾನು ಉಮ್ಮತ್ತೂರಿನ ಕಡೆಯ ಅರಿಶಿನ ಹೊಲದಲ್ಲಿ ಬೆಳೆದವಳು. ಗೆಡ್ಡೆ ಕಂಡರೆ ಮುರಿದು ಬೇರೆ ಮಾಡುವುದು ನಮ್ಮ ಕೈಗೆ ಬಂದುಬಿಟ್ಟ ಚಾಳಿ. ಗೊಂಚಲಿಗೆ ಕೈ ಹಾಕಿದ್ದಕ್ಕೆ ಬೂಬಮ್ಮ ನನ್ನ ಕೈ ಮೇಲೆ ಪಟ್ ಅಂತ ಹೊಡೆದರು. "ನಕ್ಕೋ! ಇದೇನು ನಿಮ್ಮೂರ್ ಅರಿಶಿನಾನಾ, ಎಲ್ಲಿ ಮುರಿದ್ರೂ ಮೊಳಿಯಾಕೆ? ಇದ್ಕೆ ಕಣ್ಣಿರೋದು ಕುತ್ಗೆ ಅತ್ರ ಮಾತ್ರ." ಬೇಡ ಎನ್ನುವುದಕ್ಕೆ ಅವರ ಬಾಯಲ್ಲಿ ನಕ್ಕೋ. ಆಮೇಲೆ ಹೊಡೆದ ಕೈಯನ್ನೇ ಹಿಡಿದು ಸವರಿದರು. ಯಾರಾದರೂ ನನ್ನ ಕೈ ಮುಟ್ಟಿ ಎಷ್ಟು ದಿನವಾಗಿತ್ತೋ.

ಅಲ್ಲಿಂದ ದಿನಾ ಹೋಗತೊಡಗಿದೆ. ಕುಳಿತು ನೋಡುವುದು, ಅಷ್ಟೇ ಕೆಲಸ. ಮೊದಲು ಏನೂ ಆಗುವುದಿಲ್ಲ. ಸತ್ತಂತೆ ಬಿದ್ದಿರುತ್ತವೆ. ನನಗೆ ತಾಳ್ಮೆ ಕೆಟ್ಟು "ಇವು ಏಳಲ್ಲ ಬೂಬಮ್ಮ" ಎನ್ನುತ್ತಿದ್ದೆ. "ಏಳ್ತಾವೆ ಕಣಮ್ಮಿ. ಸುಮ್ನೆ ಪಕ್ದಲ್ಲಿರು ಸಾಕು," ಎನ್ನುತ್ತಿದ್ದರು. ಒಂದು ದಿನ ಕುತ್ತಿಗೆಯ ಹತ್ತಿರ ಕೆಂಪಗೆ ಸಾಸಿವೆಯಷ್ಟು ದಪ್ಪದ ಮೊಳಕೆ ಕಂಡಿತು. ನನ್ನನ್ನು ಕರೆಯಲು ಅವರು ಬರಿಗಾಲಲ್ಲೇ ಅಂಗಳ ದಾಟಿ ಓಡಿಬಂದರು. ಐವತ್ತು ವರ್ಷದ ಹೆಂಗಸು, ದುಪಟ್ಟಾ ಜಾರಿ, ಏದುಸಿರು ಬಿಡುತ್ತಾ… ಅಷ್ಟು ಸಂತೋಷವಾಗಿ ಅವರನ್ನು ಬೇರೆ ಯಾವ ಹೊತ್ತಲ್ಲೂ ನಾನು ಕಾಣಲಿಲ್ಲ.

ಆ ಗೆಡ್ಡೆಗಳ ಮೂಲ ಕೂನೂರು. ಗಂಡನ ಮನೆಯ ಹಿಂದೆ ಅವರೇ ನೆಟ್ಟದ್ದಂತೆ. "ಬರೋವಾಗ ಪಾತ್ರೆ ತಗೋ, ಬಟ್ಟೆ ತಗೋ ಅಂದ್ರು. ಒಂದೂ ನಕ್ಕೋ ಅಂದೆ. ನನ್ ಕೈಯಾರೆ ಆಗಿದ್ದು ಆ ಮನೇಲಿ ಇದೊಂದೇ. ಕಿತ್ಕಂಡ್ ಬಂದ್ಬುಟ್ಟೆ," ಎಂದರು. ಅದನ್ನು ಹೇಳಿದ್ದೂ ಒಂದೇ ಸಲ, ಸೂಜಿಗೆ ದಾರ ಪೋಣಿಸುತ್ತಾ.

ಚಿಗುರು ಬೆರಳುದ್ದ ಆದ ಮೇಲೆ ತಟ್ಟೆಯನ್ನು ಮಂಚದ ಕೆಳಗಿಂದ ಕಿಟಕಿಯ ಬೆಳಕಿಗೆ ಎಳೆಯುತ್ತಿದ್ದರು. ಗಿಡಗಳು ಬೆಳಕಿನತ್ತ ವಾಲಿಕೊಳ್ಳುತ್ತವೆ. ದಿನಾ ತಟ್ಟೆಯನ್ನು ತಿರುಗಿಸಿಡಬೇಕು. ಯುಗಾದಿ ಕಳೆದು ಒಳ್ಳೆಯ ಮಳೆ ಒಂದೆರಡು ಬಿದ್ದ ಮೇಲೆ, ಕಿಟಕಿಯಾಚೆಯ ಹಿತ್ತಿಲಲ್ಲಿ ಗೋಡೆ ಪಕ್ಕದ ಒಂದು ಪಟ್ಟಿ ಮಣ್ಣಿಗೆ ಅವನ್ನು ನೆಡುತ್ತಿದ್ದರು. ಹೆಚ್ಚೇನಿಲ್ಲ, ಒಂದು ಮಂಚ ಹಾಕುವಷ್ಟು ಜಾಗ. ಶ್ರಾವಣಕ್ಕೆ ಹೂ ಬಂದಾಗ ನೋಡಿದೆ. ಕಪ್ಪಿಗೆ ತಿರುಗಿದ ಕೆಂಪು, ಒಂದೊಂದು ಎಸಳಿನ ತುದಿಗೂ ಸುಣ್ಣ ಮುಟ್ಟಿಸಿದ ಹಾಗೆ ಬಿಳಿ. ಆ ಬಣ್ಣದ್ದು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮರುವರ್ಷ ಶಿವರಾತ್ರಿಗೆ ಮತ್ತೆ ತಟ್ಟೆ ಬಂತು, ಹೊಟ್ಟು ಬಂತು, ಕೆಂಪು ಮೊಳಕೆಯೂ ಬಂತು. ನಾನು ಆಗ ಅರ್ಧ ಗುರು ಆಗಿಬಿಟ್ಟಿದ್ದೆ, ನೀರು ಚಿಮುಕಿಸುವ ಕೆಲಸ ನನಗೇ ಬಿಟ್ಟಿದ್ದರು. ಯುಗಾದಿ ಆಗಿ ಸ್ವಲ್ಪ ದಿನಕ್ಕೆ ಹಿತ್ತಿಲಲ್ಲಿ ಗುದ್ದಲಿ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಮೇಸ್ತ್ರಿಯ ಆಳುಗಳು ಕಂಬಕ್ಕೆ ಗುಂಡಿ ತೋಡುತ್ತಿದ್ದಾರೆ. ಮಂಚದ ಆರ್ಡರು ಜಾಸ್ತಿಯಾಗಿ ಅಂಗಡಿಯಲ್ಲಿ ಮರ ಇಡಲು ಜಾಗ ಸಾಲದಾಗಿತ್ತು. ಅದಕ್ಕೆ ಹಿತ್ತಿಲಲ್ಲಿ ಶೀಟಿನ ಶೆಡ್ಡು. ಕಂಬಗಳು ಬರುತ್ತಿದ್ದದ್ದು ನೇರ ಆ ಪಟ್ಟಿ ಮಣ್ಣಿನ ಮೇಲೆ.

ಬೂಬಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಅವರ ಕಾಲ ಬಳಿ ತಟ್ಟೆ, ತಟ್ಟೆಯ ತುಂಬ ಗೇಣುದ್ದದ ಎಳೆ ಗಿಡಗಳು. ಎಬ್ಬಿಸಿದ್ದಾಗಿದೆ, ಈಗ ಅವಕ್ಕೆ ನೆಲ ಬೇಕು. ಮಳೆ ಇವತ್ತೋ ನಾಳೆಯೋ ಎನ್ನುವಂತಿದೆ. ಡಬ್ಬದಲ್ಲಿ ಹಾಕೋಣವೆಂದರೆ ಹಿಂದೊಮ್ಮೆ ಹಾಕಿ ನೋಡಿದಾಗ ಬರೀ ಸೊಪ್ಪು ಬಂದು ಹೂವೇ ಬಿಟ್ಟಿರಲಿಲ್ಲ. ಅದಕ್ಕೂ ಬಿಸಿಲು ಬೀಳುವ ಜಾಗ ಬೇಕಲ್ಲ, ಶೆಡ್ಡು ಎದ್ದರೆ ಅದೂ ಇಲ್ಲ.

"ಹೇಳಿ ಬೂಬಮ್ಮ. ಈಗಲೇ ಹೇಳಿ, ಇನ್ನೂ ಗುಂಡಿ ತೋಡುತ್ತಾ ಇದ್ದಾರೆ," ಎಂದೆ.

"ನಕ್ಕೋ."

"ನೀವು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ."

ಅವರು ನನ್ನ ಮಣಿಕಟ್ಟು ಹಿಡಿದ ರಭಸಕ್ಕೆ ಬಳೆ ಒತ್ತಿ ನೋವಾಯಿತು. "ಬಾಯಿ ಬುಡಬ್ಯಾಡ, ನನ್ ಮೇಲಾಣೆ! ವಾಪಸ್ ಬಂದೋಳ್ನ ಇಟ್ಕಂಡವ್ನೆ. ಇಷ್ಟ್ ವರ್ಸ ಒಂದ್ ಮಾತು ಅಂದಿಲ್ಲ. ಇಲ್ಲಿ ನಂದು ಅಂತ ಏನೈತೆ ಅಂತ ಕೇಳ್ಲಿ?"

ಆಣೆ ಹಾಕಿದ ಮೇಲೆ ನಾನೇನು ಮಾಡಲಿ. ಆ ಮಧ್ಯಾಹ್ನವೇ ಕಂಬಗಳು ನಿಂತವು. ಬೂಬಮ್ಮ ಆಳುಗಳಿಗೆಲ್ಲ ತಾವೇ ಟೀ ಮಾಡಿ ಕೊಟ್ಟರು. ಮೇಸ್ತ್ರಿ ಶೆಡ್ಡಿನ ಕೆಳಗೆ ನಿಂತು ಅಕ್ಕನನ್ನು ಕರೆದು, ಹೇಗಿದೆ ಆಪಾ ಎಂದು ಕೇಳಿದರು. ಬೂಬಮ್ಮ ಚೆನ್ನಾಗಿದೆ ಎಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದು ನಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಿಟಕಿಗೆ ಶೆಡ್ಡಿನ ನೆರಳು ಬಿದ್ದ ಮೇಲೆ ಗಿಡಗಳು ಸಣಕಲಾಗಿ, ಉದ್ದವಾಗಿ, ಬೆಳಕು ಎಲ್ಲಿದೆ ಎಂದು ಹುಡುಕಿಕೊಂಡು ಸೊಟ್ಟಗೆ ಬೆಳೆಯತೊಡಗಿದವು. ಅವರು ತಟ್ಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಆ ಕೋಣೆಯಲ್ಲಿ ಕೂರುವುದು ನನ್ನಿಂದ ಆಗದಂತಾಯಿತು. ಕೊನೆಗೆ ನನಗೆ ಹೊಳೆದದ್ದು ಉಮ್ಮತ್ತೂರು, ಇವರ ತಾಯಿ ಇರುವ ಊರು. ನಮ್ಮತ್ತೆಯ ಅರಿಶಿನದ ಹೊಲದ ಅಂಚಿನಲ್ಲಿ ಒಂದು ಸಾಲು ನೆಟ್ಟರೆ ಯಾರು ಬೇಡ ಎನ್ನುತ್ತಾರೆ? ಬೂತಿನಿಂದ ಅತ್ತೆಯ ಪಕ್ಕದ ಮನೆಗೆ ಫೋನು ಮಾಡಿ ಕೇಳಿದೆ. "ಅದ್ಕೇನವ್ವ, ಅಷ್ಟಗಲ ನೆಲ ಬಿದ್ದದೆ. ತಕ್ಕೊಂಡ್ ಬಾ," ಎಂದರು ಅತ್ತೆ. ಕೇಳಿದ್ದೂ ಒಂದು ಮಾತು, ಕೊಟ್ಟದ್ದೂ ಒಂದು ಮಾತು.

ಬೂಬಮ್ಮ ತಮ್ಮನಿಗೆ, ಈ ಹುಡುಗಿಯ ಅತ್ತೆ ಗಿಡಕ್ಕೆ ಆಸೆಪಟ್ಟಿದ್ದಾರೆ, ಕೊಟ್ಟು ಬರುತ್ತೇನೆ ಎಂದು ಹೇಳಿದರು. ಅವರು ಸಂತೋಷವಾಗಿ ಕಳಿಸಿದರು. ಬುರ್ಖಾ ತೊಟ್ಟು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಬೂಬಮ್ಮ ಚಾಮರಾಜನಗರದ ಬಸ್ಸಿನ ಕಿಟಕಿ ಪಕ್ಕ ಕುಳಿತರು. ಕಂಡಕ್ಟರು ಬಂದು "ಏನ್ ತಾಯಿ ಇದು, ತೋಟಾನೇ ಎತ್ಕಂಡ್ ಒಂಟಿದ್ದೀರಾ? ಲಗೇಜ್ ಆಗ್ತದೆ," ಎಂದ. "ತೊಡೆ ಮೇಲೆ ಮಡಿಕಂಡಿರೋದ್ಕೆ ಎಂಥ ಲಗೇಜು ಕಣಪ್ಪ. ನಿನ್ ಬಸ್ನಾಗೆ ಕೂಸ್ಗೂ ಲಗೇಜ್ ಆಕೀಯಾ?" ಎಂದು ಬೂಬಮ್ಮ ತಿರುಗಿ ಕೇಳಿದರು. ಬಸ್ಸೆಲ್ಲ ನಕ್ಕಿತು. ಮನೆಯಲ್ಲಿ ಬಲ್ಬು ಕೇಳಲು ಬಾಯಿ ಬಾರದವರು ಇವರೇನಾ ಎಂದು ನಾನು ಬಾಯಿಬಿಟ್ಟುಕೊಂಡು ನೋಡಿದೆ. ತೆರಕಣಾಂಬಿ ದಾಟುವವರೆಗೂ ಅವರ ಮುಖದಲ್ಲಿ ಆ ನಗು ಇತ್ತು.

ಉಮ್ಮತ್ತೂರಿನಲ್ಲಿ ನಮ್ಮತ್ತೆ "ಬಾ ತಾಯಿ, ನಮ್ಮಟ್ಟಿ ನೀರು ಕುಡೀತೀಯಾ?" ಎಂದು ಚೊಂಬು ಹಿಡಿದು ನಿಂತರು. ಬೂಬಮ್ಮ ಚೊಂಬು ಇಸಿದುಕೊಂಡು ಗಟಗಟ ಕುಡಿದರು. ಹೊಲಕ್ಕೆ ಹೋದ ಮೇಲೆ ಬುರ್ಖಾ ತೆಗೆದು ಬೇವಿನ ಕೊಂಬೆಗೆ ಹಾಕಿ, ಯಾರಿಗೂ ಗುದ್ದಲಿ ಕೊಡದೆ, ಗುಂಡಿ ತೆಗೆಯುವುದರಿಂದ ಹಿಡಿದು ಕಡ್ಡಿ ನೆಟ್ಟು ದಾರ ಕಟ್ಟುವವರೆಗೆ ಎಲ್ಲ ತಾವೇ ಮಾಡಿದರು. ಕೆಲಸ ಮುಗಿದ ಮೇಲೂ ಮಣ್ಣಲ್ಲಿ ಕೈ ಇಟ್ಟುಕೊಂಡು ಕುಳಿತಿದ್ದರು. ಹೂ ಬಿಟ್ಟಾಗ ಕರೆಯುತ್ತೇನೆ, ಬಂದು ಎರಡು ದಿನ ಇದ್ದು ಹೋಗು ಎಂದು ಅತ್ತೆ ಹೇಳಿದರು. ಬರುತ್ತೇನೆ ಎಂದು ಬೂಬಮ್ಮ ಎರಡೆರಡು ಸಲ ಹೇಳಿದರು.

ಬರಲಾಗಲಿಲ್ಲ. ಹೂ ಬಿಟ್ಟ ಹೊತ್ತಿಗೆ ಮೇಸ್ತ್ರಿಯ ಮಗಳ ಮದುವೆ ಗೊತ್ತಾಗಿ ಮನೆ ತುಂಬ ಕೆಲಸ. ಎರಡು ದಿನ ಹೋಗಿ ಬರಲಾ ಎಂದು ಅವರು ಕೇಳಲಿಲ್ಲ, ತಾವಾಗಿ ಯಾರೂ ಹೋಗು ಎನ್ನಲಿಲ್ಲ. ನಾನು ಊರಿಗೆ ಹೋಗಿದ್ದಾಗ ಒಂದು ಹೂವನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತಂದೆ. 'ಮಣ್ಣು ಚೆನ್ನಾಗಿದೆ, ಅಲ್ಲಿಯದಕ್ಕಿಂತ ದೊಡ್ಡದಾಗಿ ಬಿಟ್ಟಿದೆ' ಎಂದೆ. ಅವರು ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ ತೇಲಿಬಿಟ್ಟರು. ಎಸಳು ಕಪ್ಪಾಗಿ ಉದುರುವವರೆಗೂ ಆ ಬಟ್ಟಲು ಕಿಟಕಿಯಲ್ಲೇ ಇತ್ತು.

ಗೆಡ್ಡೆ ಮಣ್ಣಿನಲ್ಲೇ ಇರಲಿ, ಶಿವರಾತ್ರಿಗೆ ಮುಂಚೆ ಕಿತ್ತು ಕೊಟ್ಟರೆ ಸಾಕು ಎಂದು ಬೂಬಮ್ಮ ಹೇಳಿಕಳಿಸಿದ್ದರು. ಒಣಗಿದ ದಂಟನ್ನು ಅತ್ತೆ ಕೊಯ್ದು ಹಾಕಿದ್ದರು. ಅರಿಶಿನ ಕೀಳುವ ಕಾಲಕ್ಕೆ ಅತ್ತೆಗೆ ತಮ್ಮ ಮಗಳ ಬಾಣಂತನಕ್ಕೆ ಹೋಗಬೇಕಾಗಿ ಬಂತು. ತಾಳವಾಡಿ ಕಡೆಯಿಂದ ಬಂದ ಆಳುಗಳು ಹೊಲದ ಈ ತುದಿಯಿಂದ ಆ ತುದಿಯವರೆಗೆ ಅಗೆದರು. ಅಂಚಿನ ಸಾಲಿನಲ್ಲಿ ಸಿಕ್ಕಿದ್ದೂ ಗೆಡ್ಡೆಯೇ. ಅವರ ಕೈಗೇನು ಗೊತ್ತು? ಮುರಿದರು, ಬುಟ್ಟಿಗೆ ತುಂಬಿದರು, ಅರಿಶಿನದ ಜೊತೆ ಕೊಪ್ಪರಿಗೆಗೆ ಸುರಿದು ಬೇಯಿಸಿದರು.

ಅತ್ತೆ ತಾವೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದರು. ಸೆರಗಿನ ಗಂಟಿನಲ್ಲಿ ಬೆಂದು, ಒಣಗಿ, ಹಳದಿ ಬಣ್ಣ ಹಿಡಿದು ಸುಕ್ಕುಗಟ್ಟಿದ ನಾಲ್ಕು ಡೇರೆ ಗೆಡ್ಡೆ. ಜೊತೆಗೊಂದು ಚೀಲ ಅರಿಶಿನದ ಕೊಂಬು. ಬೂಬಮ್ಮನ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಗಂಟು ಬಿಚ್ಚಿದರು.

"ತಪ್ಪಾಗೋಯ್ತು ಕಣವ್ವ. ನಾನಿದ್ದಿದ್ರೆ ಇಂಗಾಯ್ತಿರ್ಲಿಲ್ಲ. ಅಸ್ಟ್ನೂ ಬೇಸ್ಬುಟ್ಟವ್ರೆ. ಅದ್ರಾಗೊಬ್ಬ ಗೆಣಸು ಅನ್ಕಂಡು ಬಾಯ್ಗಾಕ್ಕಂಡು, ಸಪ್ಪೆ ಅಂತ ಉಗುದ್ನಂತೆ, ಅವ್ನ್ ಮನೆ ಆಳಾಗ!"

ಬೂಬಮ್ಮ ಆ ಹಳದಿ ಗೆಡ್ಡೆಯನ್ನು ಎತ್ತಿ ನೋಡಿದರು. ಕುತ್ತಿಗೆಯ ಹತ್ತಿರ ಹೆಬ್ಬೆರಳಿನಿಂದ ಸವರಿ ನೋಡಿದರು. ಅವರು ನಗಲು ಶುರುಮಾಡಿದರು. "ಉಪ್ಪಾದ್ರೂ ಕೊಡ್ಬಾರ್ದಿತ್ತಾ ಅವ್ನಿಗೆ," ಎಂದು ನಕ್ಕರು. ಅತ್ತೆಗೂ ನಗು ಬಂತು, ನನಗೂ ಬಂತು. ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆಮೇಲೆ ನಮ್ಮಿಬ್ಬರ ನಗು ನಿಂತಿತು, ಬೂಬಮ್ಮನ ಕಣ್ಣೀರು ನಿಲ್ಲಲಿಲ್ಲ. ಅತ್ತೆ ಅವರ ಬೆನ್ನು ಸವರುತ್ತಾ "ನಿಂಗೆ ಒಸ್ದು ತಂದ್ಕೊಡ್ತೀನಿ ಸುಮ್ಕಿರವ್ವ" ಎನ್ನುತ್ತಿದ್ದರು. ಸಮಾಧಾನವಾದ ಮೇಲೆ ಬೂಬಮ್ಮ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದರು. "ನನ್ ತಮ್ಮಂಗೆ ಏಳ್ಬ್ಯಾಡಿ. ಬೇಜಾರ್ ಮಾಡ್ಕತಾನೆ."

ಮರುದಿನ ನೋಡಿದರೆ ಮಂಚದ ಕೆಳಗೆ ತಟ್ಟೆ ಇರಲಿಲ್ಲ. ಮೊಳೆ ಹಾಕಿಟ್ಟುಕೊಳ್ಳಲು ಅಂಗಡಿಗೆ ಕೊಟ್ಟಿದ್ದರು.

ಆ ಸಲದ ಶಿವರಾತ್ರಿಯಷ್ಟು ಉದ್ದವಾದ ಹಬ್ಬವನ್ನು ನಾನು ಕಂಡಿಲ್ಲ. ಇವರು ಬೆಂಕಿ ಕಾಯಲು ಹೋದರು. ಬೂಬಮ್ಮನ ಕೋಣೆಯಲ್ಲಿ ಎಬ್ಬಿಸಲು ಏನೂ ಇರಲಿಲ್ಲ. ನಾನು ಹೋಗಿ ಕೂರುತ್ತಿದ್ದೆ, ಅವರು ಫಾಲ್ ಹೊಲಿಯುತ್ತಿದ್ದರು, ನಡುವೆ ನೋಡಲು ಏನೂ ಇಲ್ಲದೆ ಇಬ್ಬರಿಗೂ ಮಾತು ಸಾಲುತ್ತಿರಲಿಲ್ಲ. ಇವರಿಗೆ ಹೇಳಿ ಊಟಿಯಿಂದ ಒಂದೆರಡು ಗೆಡ್ಡೆ ತರಿಸಿದೆ, ಹಳದಿ ಹೂವಿನದು. ಬೂಬಮ್ಮ ಅದನ್ನು ಮುಟ್ಟಿ ನೋಡಿ "ಚೆಂದಾಗವೆ. ನೀನೇ ಮಡಿಕೋ ಅಮ್ಮಿ," ಎಂದು ವಾಪಸು ಕೊಟ್ಟರು. ನಾನು ಒತ್ತಾಯ ಮಾಡಲಿಲ್ಲ. ಆ ಮಳೆಗಾಲ ಬರುವ ಮುಂಚೆಯೇ ಇವರಿಗೆ ಕೊಳ್ಳೇಗಾಲದ ಕಡೆಗೆ ವರ್ಗವಾಯಿತು. ಸಾಮಾನು ತುಂಬಿದ ಗಾಡಿ ಹೊರಟಾಗ ಬೂಬಮ್ಮ ಗೇಟಿನವರೆಗೆ ಬಂದು ನಿಂತಿದ್ದರು…

ಆಮೇಲೆ ಯಾವಾಗಲಾದರೂ ಒಮ್ಮೆ ಫೋನಿನಲ್ಲಿ ಮಾತು. ಮಕ್ಕಳು, ಶಾಲೆ, ಮತ್ತೆ ವರ್ಗ, ಕೊನೆಗೆ ಚಾಮರಾಜನಗರದಲ್ಲಿ ಸ್ವಂತ ಮನೆ. ಇವರು ಯಾವುದೋ ಕೆಲಸಕ್ಕೆ ಗುಂಡ್ಲುಪೇಟೆಗೆ ಹೋಗಿ ಬಂದು, ಶರ್ಟಿನ ಗುಂಡಿ ಬಿಚ್ಚುತ್ತಾ "ಮೇಸ್ತ್ರಿ ಸಿಕ್ಕಿದ್ರು. ಅವರಕ್ಕ ಹೋಗ್ಬುಟ್ರಂತೆ," ಎಂದರು. ಹೋಗಿ ತಿಂಗಳ ಮೇಲಾಗಿತ್ತು.

ನಾನು ಹೋದೆ. ಮೇಸ್ತ್ರಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೂಬಮ್ಮನ ಕೋಣೆಯಲ್ಲಿ ಹಲಗೆ ಒಟ್ಟಿದ್ದರು. ಶೆಡ್ಡಿನ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಆಪಾಗೆ ಕೊನೆಕೊನೆಗೆ ಉಸಿರಾಟದ ತೊಂದರೆ ಆಗಿತ್ತು, ನಿಮ್ಮನ್ನು ನೆನೆಸುತ್ತಿದ್ದಳು ಎಂದೆಲ್ಲ ಹೇಳಿದರು. ಇದ್ದಕ್ಕಿದ್ದ ಹಾಗೆ "ನಿಮ್ಮೂರಲ್ಲಿ ಆ ಹೂವಿನ ಗಿಡ ಅವೆಯಲ್ಲಮ್ಮ, ಒಂದು ಗೆಡ್ಡೆ ಕೊಡ್ತೀರಾ?" ಎಂದರು. "ಆಪಾ ಮಲಗಿರೋ ಜಾಗ್ದಲ್ಲಿ ನೆಡ್ಬೇಕು ಅಂತ ಆಸೆ. ಅಲ್ಲಿ ಬೇಕಾದಷ್ಟು ಜಾಗ ಐತೆ."

ಅವು ಹೋಗಿ ಎಷ್ಟೋ ವರ್ಷವಾಯಿತು ಮೇಸ್ತ್ರಿ ಎಂದೆ. ಅವರು ನಂಬಲಿಲ್ಲ. "ಓದ್ ವರ್ಸಾನೂ ಕೇಳ್ದೆ. ಊರಲ್ಲಿ ಚೆನ್ನಾಗವೆ, ವರ್ಸವರ್ಸ ಬುಡ್ತವಂತೆ ಅಂದ್ಲಲ್ಲ!" ಇನ್ನು ಯಾರ ಆಣೆ, ಯಾರಿಗಾಗಿ ಮುಚ್ಚಿಡಲಿ? ಹೇಳಿಬಿಟ್ಟೆ. ಕೊಪ್ಪರಿಗೆಯ ವಿಷಯ ಹೇಳಿದೆ, ಅದಕ್ಕೆ ಮುಂಚಿನದೂ ಹೇಳಿದೆ, ಅವರು ಈಗ ಕುಳಿತಿರುವ ಜಾಗ ಏನಾಗಿತ್ತು ಎಂದೂ ಹೇಳಿದೆ.

ಮೇಸ್ತ್ರಿ ಕುರ್ಚಿ ಸರಿಸಿ ಎದ್ದು ನಿಂತರು. ಕಾಲ ಕೆಳಗಿನ ನೆಲ ನೋಡಿದರು, ಹಿತ್ತಿಲ ಇನ್ನೊಂದು ಬದಿ ನೋಡಿದರು. ಅಲ್ಲಿ ಹಳೆಯ ಟಯರು, ಮುರಿದ ಬೆಂಚು, ಕಾಡು ಗಿಡ.

"ಆ ಕಡೆ ಆಕಿದ್ರೂ ಆಯ್ತಿತ್ತಮ್ಮ ಶೆಡ್ಡು. ನಂಗೆ ಎರಡೂ ಒಂದೇ ಆಗಿತ್ತು," ಎಂದರು. "ಒಂದ್ ಮಾತು ಕೇಳ್ಬೋದಿತ್ತಲ್ಲ…" ಎಂದು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಅದನ್ನು ಅವರು ಹೇಳಿದ್ದು ನನಗಲ್ಲ.

ಇದೆಲ್ಲ ಆಗಿ ಈಗ ಕೆಲವು ವರ್ಷವಾಯಿತು. ಆ ಕಪ್ಪು ಕೆಂಪಿನ, ತುದಿ ಬಿಳಿಯ ಡೇರೆಯನ್ನು ನಾನು ಕಂಡಕಂಡ ನರ್ಸರಿಯಲ್ಲಿ ಕೇಳಿದ್ದೇನೆ, ಊಟಿಯಲ್ಲೂ ಕೂನೂರಿನಲ್ಲೂ ಹುಡುಕಿಸಿದ್ದೇನೆ. ಹತ್ತಿರದ್ದು ತೋರಿಸುತ್ತಾರೆ, ಅದಲ್ಲ. ಬೂಬಮ್ಮನ ಜೊತೆಗೆ ಆ ಬಣ್ಣವೂ ಹೋಯಿತು ಎಂದು ಈಗ ಒಪ್ಪಿಕೊಂಡಿದ್ದೇನೆ.

ಮೊನ್ನೆ ಇವರು ಮನೆ ಮುಂದಿನ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿಬಿಡೋಣ ಎಂದು ಟೇಪು ಹಿಡಿದು ಅಳೆಯುತ್ತಿದ್ದರು. ನಾನು ಹೋಗಿ ಟೇಪಿನ ಮುಂದೆ ನಿಂತೆ. "ಕಾಂಪೌಂಡ್ ಪಕ್ಕ ಮೂರಡಿ ಮಣ್ಣು ಬಿಡಿ. ನನಗೆ ಬೇಕು," ಎಂದೆ. ಏನಕ್ಕೆ ಎಂದು ಕೂಡ ಅವರು ಕೇಳಲಿಲ್ಲ. "ಸರಿ ಬುಡು," ಎಂದು ಟೇಪನ್ನು ಈಚೆಗೆ ಎಳೆದುಕೊಂಡರು. ಅಷ್ಟೇ. ಅಷ್ಟು ಸುಲಭ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.